ಲೆಕ್ಕಕ್ಕಿಲ್ಲದ ಸ್ಟೆಪ್ನಿ

ಚೆನ್ನೈನಲ್ಲಿ ಕಾರು ಕೊಳ್ಳುವವರು ಮೈಲೇಜಿಗಿಂತ ಮೊದಲು ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಅಂತ ಕೇಳುತ್ತಾರೆ. 2015ರ ಡಿಸೆಂಬರ್ ಮಳೆ ಕಲಿಸಿದ ಅಭ್ಯಾಸ ಇದು. ಆಗ ನಾವು ವೇಳಚೇರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಕೆಳಗೆ ಸಾಲಾಗಿ ನಿಂತಿದ್ದ ಕಾರುಗಳಿಗೆ ಕಿಟಕಿ ಮಟ್ಟದವರೆಗೂ ನೀರು. ಅದಾದ ಮೇಲೆ, 2016ರಲ್ಲಿ, ನಾವು ಫೋರ್ಡ್ ಇಕೋಸ್ಪೋರ್ಟ್ ಡೀಸೆಲ್ ತೆಗೆದುಕೊಂಡೆವು. ನೆಲದಿಂದ 200 ಮಿಲಿಮೀಟರ್ ಎತ್ತರ. ಅದೂ ನಮ್ಮೂರಿನದೇ ಗಾಡಿ, ಜಿಎಸ್‌ಟಿ ರಸ್ತೆಯ ಮರೈಮಲೈ ನಗರದ ಕಾರ್ಖಾನೆಯಲ್ಲಿ ತಯಾರಾದದ್ದು.

ಈ ಜಾತಿಯ ಕಾರುಗಳು ಹುಟ್ಟಿದ್ದೇ ತೆರಿಗೆಯ ಲೆಕ್ಕದಿಂದ. ಉದ್ದ ನಾಲ್ಕು ಮೀಟರ್ ಮೀರಬಾರದು, ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು, ಪೆಟ್ರೋಲ್ ಆದರೆ 1200. ಅಷ್ಟಿದ್ದರೆ ಸಣ್ಣ ಕಾರಿನ ತೆರಿಗೆ. ನಮ್ಮದರ ಉದ್ದ 3999 ಮಿಲಿಮೀಟರ್! ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮಾತ್ರ ಚೆನ್ನಾಗಿಯೇ ಬರುತ್ತದೆ. ಹಿಂಬಾಗಿಲು ಮೇಲಕ್ಕಲ್ಲ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಿಂದೆ ಗೋಡೆಯಿದ್ದರೆ ಲಗೇಜ್ ತೆಗೆಯಲು ಕಾರನ್ನೇ ಮುಂದಕ್ಕೆ ತರಬೇಕು.

ಊರೊಳಗೆ ಲೀಟರಿಗೆ ಹದಿಮೂರು ಹದಿನಾಲ್ಕು, ಹೈವೇಯಲ್ಲಿ ಹದಿನೆಂಟು ಸಿಗುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದರೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಇದೆಲ್ಲ ಯಾವ ಕಾರಿಗಾದರೂ ಇದ್ದದ್ದೇ.

ಕಾರಿಗೆ ತಮಿಳುನಾಡಿನ ನಂಬರ್ ಪ್ಲೇಟ್. ಅದು ಬರೀ ನಂಬರ್ ಅಲ್ಲ ಅಂತ ಗೊತ್ತಾಗಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಬಕ್ರೀದ್ ರಜೆಗೆ ಮೈಸೂರಿಗೆ ಹೊರಡುವವರಿದ್ದೆವು. 12ರಂದು ಕಾವೇರಿ ಗಲಾಟೆ ಹೊತ್ತಿಕೊಂಡಿತು. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. ಅಮ್ಮ ಫೋನ್ ಮಾಡಿ, "ಆ ನಂಬರ್ ಇಟ್ಕೊಂಡು ಈ ಕಡೆ ಬರ್ಬೇಡ ಕಣೋ" ಅಂದರು. ಅದೇ ದಿನ ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದಿದ್ದರು. ನಮ್ಮ ಕಾರಿಗೆ ಅಲ್ಲಿ ಭಯ, ನಮ್ಮ ಭಾಷೆಗೆ ಇಲ್ಲಿ ಭಯ. (ವುಡ್‌ಲ್ಯಾಂಡ್ಸ್ ಕೃಷ್ಣರಾಯರು ಉಡುಪಿ ಕಡೆಯವರು. ಕೆಥೀಡ್ರಲ್ ರಸ್ತೆಯ ಅವರ ಡ್ರೈವ್-ಇನ್‌ನಲ್ಲಿ ಕಾರಿನೊಳಗೆ ಕೂತೇ ದೋಸೆ ತಿನ್ನಬಹುದಿತ್ತಂತೆ. ಅದು 2008ರಲ್ಲಿ ಮುಚ್ಚಿತು, ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಇದೆ.) ಈಗಲೂ ಕಾವೇರಿ ಸುದ್ದಿ ಬಂದರೆ ಅತ್ತಿಬೆಲೆ ಹತ್ತಿರವಾದಂತೆ ನಾನು ಹಾಡಿನ ಸದ್ದು ತಗ್ಗಿಸಿಬಿಡುತ್ತೇನೆ. ಕಾರಿನಲ್ಲಿ ಬರುತ್ತಿರುವುದು ಕನ್ನಡ ಹಾಡೇ ಆದರೂ!

ಇನ್ನು ನೀರಿನ ವಿಷಯ. 550 ಮಿಲಿಮೀಟರ್ ನೀರಿನಲ್ಲೂ ಹೋಗುತ್ತದೆ ಅಂತ ಈ ಕಾರಿನ ಜಾಹೀರಾತು ಹೇಳುತ್ತಿತ್ತು. ಅದನ್ನು ನಂಬಿ ನೀರಿಗಿಳಿಯಬಾರದು. ಪಕ್ಕದಲ್ಲಿ ಒಂದು ಬಸ್ ಹೋದರೆ ಎದ್ದ ಅಲೆ ಬಾನೆಟ್ಟಿನವರೆಗೂ ಬರುತ್ತದೆ. ಎಂಜಿನ್ ಒಳಗೆ ಸೇರಿದ ನೀರನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಟೋ ಮಾಡಿಸಿ. ಸಾಮಾನ್ಯ ಇನ್ಶೂರೆನ್ಸಿನಲ್ಲಿ ಇಂಥ ಹಾನಿ ಸೇರುವುದಿಲ್ಲ, ಎಂಜಿನ್ ಪ್ರೊಟೆಕ್ಷನ್ ಬೇರೆಯೇ ಕೊಳ್ಳಬೇಕು. ಹಳೇ ಕಾರಿಗೆ ಅದು ಸಿಗುವುದೂ ಕಷ್ಟ.

ಅದಕ್ಕೇ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬರುವಾಗ ನಾನು ಬೇರೆಯವರಂತೆ ವೇಳಚೇರಿ ಫ್ಲೈಓವರ್ ಹತ್ತಿಸಿದೆ. ಪಳ್ಳಿಕರಣೈ ಜೌಗು ಮಳೆನೀರನ್ನು ಹೀರಬೇಕಿತ್ತು. ಅದನ್ನು ತಿಂದು ಬೆಳೆದ ಬಡಾವಣೆಗಳಲ್ಲೇ ನಾವಿರುವುದು, ನೀರು ತನ್ನ ಜಾಗ ಹುಡುಕಿಕೊಂಡು ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಮೊಣಕಾಲುದ್ದ ನೀರಿನಲ್ಲಿ ನಡೆದು ಮನೆಗೆ ಬಂದೆ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಮಳೆ ಶುರುವಾಗುವ ಮೊದಲೇ ಫ್ಲೈಓವರಿನ ಎರಡೂ ಬದಿ ತುಂಬಿತ್ತು. ದಂಡ ಹಾಕುತ್ತಾರೆ ಅಂತ ಸುದ್ದಿ ಹಬ್ಬಿತು, ಪೊಲೀಸರು ಇಲ್ಲ ಅಂದರು. ಎತ್ತರದ ಕಾರು ಕೊಂಡವರೆಲ್ಲ ಎತ್ತರದ ಜಾಗ ಹುಡುಕುತ್ತಿದ್ದೆವು. ಕಾರೇ ಇಲ್ಲದ, ನೆಲಮಹಡಿಯ ಮನೆಯವರಿಗೆ ಯಾವ ಫ್ಲೈಓವರ್?

2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. 2022ರ ಜುಲೈನಲ್ಲಿ ಮರೈಮಲೈ ನಗರದಿಂದ ಕೊನೆಯ ಇಕೋಸ್ಪೋರ್ಟ್ ಹೊರಬಂತು. ಅದಕ್ಕೂ ಮುಂಚೆ ಅಲ್ಲಿನ ಕೆಲಸಗಾರರು ಪರಿಹಾರಕ್ಕಾಗಿ ಮುಷ್ಕರ ಕೂತಿದ್ದರು. ಸರ್ವಿಸ್ ಇನ್ನೂ ಸಿಗುತ್ತದೆ, ಮಾರುವ ಬೆಲೆ ಮಾತ್ರ ಇಳಿದಿದೆ. ಆಫೀಸಿನ ಗೆಳೆಯರು, ಈಗಲೇ ಕೊಟ್ಟುಬಿಡು, ಸನ್‌ರೂಫ್ ಇರೋದು ತಗೋ ಅನ್ನುತ್ತಾರೆ. ಚೆನ್ನೈ ಬಿಸಿಲಿಗೆ ಸನ್‌ರೂಫ್!

ಅಮ್ಮನಿಗೆ ಮಂಡಿ ನೋವು. ಸೆಡಾನಿಗೆ ಬಗ್ಗಿ ಇಳಿಯಬೇಕು, ದೊಡ್ಡ ಗಾಡಿಗೆ ಹತ್ತಬೇಕು. ಇದರ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ, ಸುಮ್ಮನೆ ಪಕ್ಕಕ್ಕೆ ಸರಿದು ಕೂರುತ್ತಾರೆ. ಮೈಸೂರಿನಿಂದ ಚೆನ್ನೈವರೆಗೆ, ಆಂಬೂರಿನಲ್ಲೊಂದು ಕಾಫಿಗೆ ನಿಲ್ಲಿಸಿ, ಯಾರ ಕೈಯೂ ಹಿಡಿಯದೆ ಇಳಿದು ಹತ್ತುತ್ತಾರೆ. ರಿಜಿಸ್ಟ್ರೇಷನ್ 2031ರವರೆಗೆ ಇದೆ.