ಮಾಟಗಾತಿಯ ಟೋಪಿ

ಶಾಲೆಗೆ ಹೋಗುವ ಹೆಂಗಸಿಗೆ ಭಾನುವಾರ ಎಂದರೆ ರಜೆಯಲ್ಲ, ವಾರದ ಬಾಕಿ ತೀರಿಸುವ ದಿನ. ಒಗೆಯಲು ಬಟ್ಟೆಯ ರಾಶಿ, ರುಬ್ಬಲು ದೋಸೆ ಅಕ್ಕಿ, ಇವೆಲ್ಲದರ ಮೇಲೆ ತಿದ್ದಬೇಕಾದ ನೋಟ್ ಪುಸ್ತಕಗಳ ಕಟ್ಟು. ಆದರೆ 2012ರ ಜೂನ್ ತಿಂಗಳ ಒಂದು ಭಾನುವಾರ ಮಾತ್ರ ನಾನು ಇದಾವುದನ್ನೂ ಮುಟ್ಟದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಟೀವಿ ಮುಂದೆ ಕೂತಿದ್ದೆ. ಹಿಂದಿನ ದಿನ ಬಚ್ಚಲಲ್ಲಿ ಜಾರಿ ಕಾಲು ಉಳುಕಿತ್ತು. ಕಾಲಿಗಿಂತ ಹೆಚ್ಚಾಗಿ ಇನ್ನೊಂದು ಕಡೆ ನೋಯುತ್ತಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಸ್ಟೂಲಿನ ಮೇಲೆ ಕಾಲು ಚಾಚಿ ರಿಮೋಟು ಒತ್ತುತ್ತ ಹೋದಾಗ ಒಂದು ಚಾನೆಲ್ಲಿನಲ್ಲಿ ಅಂದು ಇಡೀ ದಿನ ಹಾಲಿವುಡ್ಡಿನ ಹಳೆಯ ಚಿತ್ರಗಳೆಂದು ತಿಳಿಯಿತು. ನಡುನಡುವೆ ಒಬ್ಬ ಮಹಾಶಯ ಬಂದು ತೆರೆಮರೆಯ ಸಂಗತಿಗಳನ್ನು ಹೇಳುತ್ತಿದ್ದ. ಪಕ್ಕದಲ್ಲಿ ನಮ್ಮ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಸಿನಿಮಾ ಅರ್ಥವಾಗಲು ಭಾಷೆ ಬೇಕು ಎಂದು ಅವರು ಯಾವತ್ತೂ ಒಪ್ಪಿದವರಲ್ಲ.

ಮೊದಲನೆಯದು 1952ರ 'ಸಿಂಗಿಂಗ್ ಇನ್ ದ ರೇನ್'. ಜೀನ್ ಕೆಲ್ಲಿ ಕೊಡೆ ಮಡಿಚಿ ಮಳೆಯಲ್ಲಿ ಕುಣಿಯುವ ಆ ಹಾಡನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಅಷ್ಟು ಹಗುರಾಗಿ, ಹುಡುಗರ ಹಾಗೆ ನೀರಿನ ಗುಂಡಿಯಲ್ಲಿ ಥಕಥೈ ಎನ್ನುವ ಆ ಮನುಷ್ಯನಿಗೆ ಚಿತ್ರೀಕರಣದ ಹೊತ್ತಿಗೆ 103 ಡಿಗ್ರಿ ಜ್ವರವಿತ್ತಂತೆ. ಜೊತೆಗೆ ಕುಣಿಯುವ ಡೆಬ್ಬಿ ರೆನಾಲ್ಡ್ಸಳಿಗೆ ಆಗ 19 ವರ್ಷ. ನೃತ್ಯ ಕಲಿತವಳೇ ಅಲ್ಲ. ಒಂದು ಹಾಡಿಗಾಗಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುಣಿಸಿ ಕುಣಿಸಿ ಕೊನೆಗೆ ಅವಳ ಪಾದಗಳಲ್ಲಿ ರಕ್ತ ಬಂದಿತ್ತು. ತೆರೆಯ ಮೇಲೆ ನೋಡಿದರೆ ಮುಖದ ತುಂಬ ನಗು.

ಆ ಚಿತ್ರದ ಕಥೆಯೇನು ಗೊತ್ತೇ? ದನಿ ಚೆನ್ನಾಗಿಲ್ಲದ ಒಬ್ಬ ತಾರೆಗೆ ಡೆಬ್ಬಿ ತೆರೆಮರೆಯಲ್ಲಿ ನಿಂತು ದನಿ ಕೊಡುವುದು. ತಮಾಷೆಯೆಂದರೆ ಒಂದು ಹಾಡಿನಲ್ಲಿ ಡೆಬ್ಬಿಯದೆಂದು ನಾವು ಕೇಳುವ ದನಿಯೂ ಅವಳದಲ್ಲ, ಬೆಟ್ಟಿ ನಾಯ್ಸ್ ಎಂಬ ಗಾಯಕಿಯದು. ದನಿ ಕೊಡುವವಳಿಗೂ ಇನ್ನೊಬ್ಬಳ ದನಿ! ಇದನ್ನು ಅತ್ತೆಗೆ ವಿವರಿಸಿದೆ. "ಹಬ್ಬದ ಅಡುಗೆ ಒಬ್ಬಳು ಮಾಡ್ತಾಳೆ, ಬಡಿಸಿ ಹೊಗಳಿಸಿಕೊಳ್ಳೋಳು ಇನ್ನೊಬ್ಬಳು. ಇದರಲ್ಲಿ ಹೊಸದೇನಿದೆ?" ಎಂದರು. ಅವರ ಓರಗಿತ್ತಿಯ ನೆನಪಾಗಿರಬೇಕು.

ನಡುವೆ ಮುಂದಿನ ವಾರದ ಚಿತ್ರದ ಜಾಹೀರಾತು ಬಂತು: 1960ರ 'ಸೈಕೋ'. ಸ್ನಾನದ ಮನೆಯ ಕೊಲೆಯ ಆ ದೃಶ್ಯದಲ್ಲಿ ಹರಿಯುವುದು ರಕ್ತವಲ್ಲ, ಚಾಕಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಅದೇ ಹೆಚ್ಚು ನಿಜವೆನಿಸುತ್ತಿತ್ತಂತೆ. ಒಂದು ನಿಮಿಷವೂ ಇಲ್ಲದ ಆ ದೃಶ್ಯಕ್ಕೆ ಏಳು ದಿನ ಹಿಡಿದಿತ್ತು. "ತಿನ್ನೋ ಪದಾರ್ಥ ಬಚ್ಚಲಿಗೆ ಸುರಿದರಲ್ಲ" ಎಂದು ಅತ್ತೆ ನಿಜವಾಗಿಯೇ ನೊಂದುಕೊಂಡರು. ಕೊಲೆಯಾದವಳ ಬಗ್ಗೆ ಅವರು ಏನೂ ಹೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ 1942ರ 'ಕಾಸಾಬ್ಲಾಂಕಾ'. ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋಗಲು ಹವಣಿಸುವ ಜನರ ಕಥೆ. ನಾನು ಎರಡನೆಯ ಮಹಾಯುದ್ಧದ ಪಾಠವನ್ನು ಎಷ್ಟೋ ವರ್ಷ ಮಾಡಿದವಳು. ಕಾರಣಗಳು ಐದು, ಪರಿಣಾಮಗಳು ಆರು ಎಂದು ಬೋರ್ಡಿನ ಮೇಲೆ ಬರೆಸಿದವಳು. ಆದರೆ ಈ ಚಿತ್ರದಲ್ಲಿ ಹೋಟೆಲಿನಲ್ಲಿ ಎಲ್ಲರೂ ಎದ್ದು ನಿಂತು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವಾಗ ಕಣ್ಣೀರು ಹರಿಸುವ ತರುಣಿ ಮ್ಯಾಡಲೀನ್ ಲೆಬೋ ನಿಜವಾಗಿಯೂ 1940ರಲ್ಲಿ ಪ್ಯಾರಿಸ್ ಬಿಟ್ಟು ಓಡಿಬಂದವಳು ಎಂದು ಕೇಳಿದಾಗ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕ್ರೂರಿ ನಾಜಿ ಅಧಿಕಾರಿಯ ಪಾತ್ರ ಮಾಡಿದ ಕಾನ್ರಾಡ್ ವೈಟ್ ಕೂಡ ನಾಜಿಗಳಿಗೆ ಹೆದರಿ ಜರ್ಮನಿ ಬಿಟ್ಟವನೇ. ಅವನ ಹೆಂಡತಿ ಯಹೂದಿ. ಯಾರಿಂದ ತಪ್ಪಿಸಿಕೊಂಡು ಬಂದನೋ ಅವರ ವೇಷವನ್ನೇ ಹೊಟ್ಟೆಪಾಡಿಗೆ ಹಾಕಬೇಕಾಯಿತು.

ಕೊನೆಯ ವಿಮಾನ ನಿಲ್ದಾಣದ ದೃಶ್ಯ ಬಂತು. ದೂರದಲ್ಲಿ ಕಾಣುವ ವಿಮಾನ ರಟ್ಟಿನದಂತೆ. ಅದು ದೊಡ್ಡದಾಗಿ ಕಾಣಲೆಂದು ಅದರ ಸುತ್ತ ಕುಳ್ಳರನ್ನು ಓಡಾಡಿಸಿ, ಮೇಲೆ ಮಂಜು ಕವಿಸಿದ್ದರಂತೆ. ನಾಯಕಿ ಗಂಡನ ಜೊತೆ ಹೋಗುತ್ತಾಳೋ ಹಳೆಯ ಪ್ರೇಮಿಯ ಜೊತೆ ಉಳಿಯುತ್ತಾಳೋ ಎಂಬುದು ಚಿತ್ರೀಕರಣದ ಬಹುಕಾಲ ಸ್ವತಃ ಇಂಗ್ರಿಡ್ ಬರ್ಗ್‌ಮನ್ನಳಿಗೇ ಗೊತ್ತಿರಲಿಲ್ಲ, ಚಿತ್ರಕಥೆ ಬರೆದು ಮುಗಿದಿರಲಿಲ್ಲ. ಸರಿಯಾಗಿ ಆ ಹೊತ್ತಿಗೆ ನಮ್ಮ ಬೀದಿಯ ಕರೆಂಟು ಹೋಯಿತು. "ಹೋದಳೋ ಇಲ್ಲವೋ?" ಎಂದು ಅತ್ತೆ ಕತ್ತಲಾದ ಟೀವಿಯನ್ನೇ ಕೇಳಿದರು. "ಗಂಡನ ಜೊತೆ ಹೋದಳು" ಎಂದೆ. "ಪಾಪ" ಎಂದರು. ಯಾರಿಗೆ ಪಾಪ ಎಂದು ನಾನು ಕೇಳಲಿಲ್ಲ.

ಕರೆಂಟು ಬಂದಾಗ 'ಗಾನ್ ವಿತ್ ದ ವಿಂಡ್' ಅರ್ಧ ಮುಗಿದಿತ್ತು. ಹೆಚ್ಚುಕಡಿಮೆ ನಾಲ್ಕು ಗಂಟೆಯ ಚಿತ್ರ, ಅರ್ಧ ನೋಡಿದರೂ ಒಂದು ಸಿನಿಮಾ ನೋಡಿದಂತೆಯೇ. ಇದರ ನಾಯಕಿ ವಿವಿಯನ್ ಲೀ ಹುಟ್ಟಿದ್ದು 1913ರಲ್ಲಿ ನಮ್ಮ ಡಾರ್ಜಿಲಿಂಗಿನಲ್ಲಿ. ಗುಲಾಮರನ್ನು ಇಟ್ಟುಕೊಂಡಿದ್ದ ಒಡೆಯರ ಕಾಲವನ್ನು ಈ ಚಿತ್ರ ಚೆಂದಗಾಣಿಸುತ್ತದೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದರಲ್ಲಿ ಮನೆಗೆಲಸದ ಹೆಂಗಸಿನ ಪಾತ್ರ ಮಾಡಿದ ಹ್ಯಾಟಿ ಮ್ಯಾಕ್‌ಡೇನಿಯಲ್ ಕರಿಯಳು ಎಂಬ ಕಾರಣಕ್ಕೆ 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದ ಮೊದಲ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. 1940ರ ಫೆಬ್ರವರಿ 29ರಂದು ಅವಳಿಗೆ ಆಸ್ಕರ್ ಪ್ರಶಸ್ತಿ ಬಂತು, ಅವಳ ಜನಾಂಗದಲ್ಲಿ ಅದೇ ಮೊದಲನೆಯದು. ಆ ರಾತ್ರಿಯೂ ಅವಳನ್ನು ಸಹನಟರ ಜೊತೆ ಕೂರಿಸದೆ ಗೋಡೆಯ ಪಕ್ಕ ಬೇರೆ ಮೇಜು ಹಾಕಿ ಕೂರಿಸಿದ್ದರು. ಎಲ್ಲರೂ ಒಳಗೆ ಕೂತಿರುವಾಗ ಒಬ್ಬಳನ್ನು ಬೇರೆ ಇಡುವುದು. ನನಗೆ ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ಕುಂಟುತ್ತಲೇ ಎದ್ದು ಹೋಗಿ ಕಾಫಿ ಬೆರೆಸಿದೆ.

ಈಗ ಆ ಇನ್ನೊಂದು ನೋವಿನ ಮಾತು ಹೇಳಬೇಕು.

1993ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದವಳು. ಹೊಸಬರೆಂದು ಮಕ್ಕಳು ತಲೆಯ ಮೇಲೆ ಕೂರಬಾರದೆಂದು ಮೊದಲ ದಿನದಿಂದಲೇ ಮುಖ ಗಂಟುಹಾಕಿಕೊಂಡಿದ್ದೆ. ಮಕ್ಕಳು ನನಗೆ 'ಖಾರದಪುಡಿ ಮಿಸ್' ಎಂದು ಹೆಸರಿಟ್ಟಿದ್ದರು. ಕೇಳಿ ಒಳಗೊಳಗೇ ಹೆಮ್ಮೆಪಟ್ಟಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ದಿನವೂ ತಡವಾಗಿ ಬರುತ್ತಿದ್ದಳು. ಮೊದಲನೆಯ ಪಿರಿಯಡ್ ಪೂರ್ತಿ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಎದುರು ಕರೆದು, "ಓದೋ ಆಸೆ ಇಲ್ಲದವರು ಬೆಂಚು ಸವೆಸೋಕೆ ಯಾಕೆ ಬರ್ತೀರಿ? ಮನೇಲೇ ಇರಿ" ಎಂದೆ. ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಅವಳು ಮನೆಯಲ್ಲೇ ಉಳಿದಳು. ತಾಯಿ ಬೆಳಗಾಗುವ ಮೊದಲೇ ನಾಲ್ಕು ಮನೆಯ ಮುಸುರೆಗೆ ಹೋಗುತ್ತಿದ್ದಳೆಂದೂ, ಬೀದಿಯ ನಲ್ಲಿಯಲ್ಲಿ ನೀರು ಹಿಡಿದು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಈ ಹುಡುಗಿ ಓಡಿಬರುತ್ತಿದ್ದಳೆಂದೂ ನನಗೆ ಗೊತ್ತಾದದ್ದು ತಿಂಗಳ ಮೇಲೆ. ಆಗಲಾದರೂ ಅವಳ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವಳೂ ನಾನೇ.

ನಾಲ್ಕು ಊರು ಸುತ್ತಿ 2012ರಲ್ಲಿ ಮತ್ತೆ ಅದೇ ಶಾಲೆಗೆ ವರ್ಗವಾಗಿ ಬಂದೆ. ಆ ಭಾನುವಾರದ ಹಿಂದಿನ ಶುಕ್ರವಾರ ನಾನು ದಾಖಲಾತಿ ಮೇಜಿನಲ್ಲಿ ಕೂತಿದ್ದಾಗ ಒಬ್ಬ ತಾಯಿ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ನಾನು ತಲೆ ಎತ್ತಿದೆನೋ ಇಲ್ಲವೋ, ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಅರ್ಜಿಯಲ್ಲಿ ತಾಯಿಯ ಹೆಸರು ಓದಿದಾಗಲೇ ನನಗೆ ಹೊಳೆದದ್ದು. ಆಕೆ ಮಗಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಇವರ ಕ್ಲಾಸಿಗೆ ಮಾತ್ರ ತಡವಾಗಿ ಹೋಗಬೇಡ." ನಾನು ಸಹಿ ಹಾಕಿ ಕಾಗದ ಕೊಟ್ಟೆ. ಒಂದು ಮಾತೂ ಬಾಯಿಗೆ ಬರಲಿಲ್ಲ.

ರಾತ್ರಿಯ ಕೊನೆಯ ಚಿತ್ರ 1939ರ 'ದ ವಿಝರ್ಡ್ ಆಫ್ ಆಝ್'. ಹೈಸ್ಕೂಲಿನ ನನ್ನ ಮಗನೂ ಪಕ್ಕಕ್ಕೆ ಬಂದು ಕೂತ. ಅದರಲ್ಲಿ ಹಸಿರು ಮುಖದ ಒಬ್ಬ ಮಾಟಗಾತಿ ಬರುತ್ತಾಳೆ. ಎಲ್ಲ ಸೇರಿದರೆ ತೆರೆಯ ಮೇಲೆ ಹನ್ನೆರಡು ನಿಮಿಷ ಇದ್ದರೆ ಹೆಚ್ಚು, ಆದರೆ ಅವಳ ನಗು ಕೇಳಿ ಎಷ್ಟೋ ದೇಶದ ಮಕ್ಕಳು ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡಿವೆ. ಆ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ನಟಿಯಾಗುವ ಮೊದಲು ಏನಾಗಿದ್ದಳು ಗೊತ್ತೇ? ಶಿಶುವಿಹಾರದ ಟೀಚರ್! ಗಂಡನಿಂದ ಬೇರೆಯಾಗಿ ಪುಟ್ಟ ಮಗನನ್ನು ಸಾಕುತ್ತಿದ್ದ ಹೆಂಗಸು. 1938ರ ಡಿಸೆಂಬರಿನಲ್ಲಿ ಬೆಂಕಿ ಹೊಗೆಯ ನಡುವೆ ಮಾಯವಾಗುವ ದೃಶ್ಯ ತೆಗೆಯುವಾಗ ಬೆಂಕಿ ಮೊದಲೇ ಹತ್ತಿ ಮುಖ, ಕೈ ಸುಟ್ಟಿತು. ಹಸಿರು ಬಣ್ಣದಲ್ಲಿ ತಾಮ್ರವಿತ್ತು. ಸುಟ್ಟ ಚರ್ಮದ ಮೇಲೆ ಸ್ಪಿರಿಟ್ ಹಾಕಿ ಉಜ್ಜಿ ಅದನ್ನು ತೆಗೆಯಬೇಕಾಯಿತು. ವಾಸಿಯಾಗಲು ಸುಮಾರು ಆರು ವಾರ ಹಿಡಿಯಿತು. ಹಿಂತಿರುಗಿದವಳು ಬೆಂಕಿಯ ಕೆಲಸ ಇನ್ನು ಮಾಡಲಾರೆ ಎಂದು ಖಂಡಿತವಾಗಿ ಹೇಳಿದಳು.

ಆ ನಿರೂಪಕ ಹೇಳಿದ ಕೊನೆಯ ಸಂಗತಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಮಕ್ಕಳು ತನ್ನನ್ನು ಕಂಡು ನಿಜವಾಗಿ ಹೆದರುತ್ತಾರೆಂಬ ಸಂಕಟ ಆಕೆಗೆ ಇದ್ದೇ ಇತ್ತು. 1975ರಲ್ಲಿ, ಅಂದರೆ ಚಿತ್ರ ಬಂದು 36 ವರ್ಷಗಳ ಮೇಲೆ, ಮಿಸ್ಟರ್ ರೋಜರ್ಸ್ ಎಂಬುವರ ಮಕ್ಕಳ ಟೀವಿ ಕಾರ್ಯಕ್ರಮಕ್ಕೆ ಆಕೆ ಸಾಧಾರಣ ಉಡುಪಿನಲ್ಲಿ ಹೋದಳು. ಮಾಟಗಾತಿಯ ಕಪ್ಪು ಲಂಗ, ಮೇಲುಹೊದಿಕೆ, ಚೂಪು ಟೋಪಿ ಒಂದೊಂದಾಗಿ ಮಕ್ಕಳ ಕಣ್ಣೆದುರೇ ಹಾಕಿಕೊಂಡು, ಇದೆಲ್ಲ ವೇಷ, ಒಳಗಿರುವವಳು ನಾನು ಎಂದು ತೋರಿಸಿದಳು. ಆಗ ಆಕೆಗೆ 72 ವರ್ಷ.

ಸಿನಿಮಾ ಮುಗಿಯಿತು. ಮಗ ಮಲಗಲು ಹೋದ. ನಾನು ಕೂತೇ ಇದ್ದೆ. ತಾನು ಮಾಡದ ತಪ್ಪಿಗೆ, ಬರೀ ಒಂದು ವೇಷಕ್ಕೆ, ಆ ಟೀಚರ್ ಅಷ್ಟು ವರ್ಷಗಳ ಮೇಲೆ ಮಕ್ಕಳ ಮುಂದೆ ಹೋಗಿ ನಿಂತಳು. ನಾನು ಆಡಿದ್ದು ಸಿನಿಮಾದ ಮಾತಲ್ಲ. ಕಳಚಿ ತೋರಿಸಲು ನನಗೆ ಟೋಪಿಯೂ ಇರಲಿಲ್ಲ.

ಅರ್ಜಿಯಲ್ಲಿ ತಾಯಿಯ ಕಸುಬು 'ಹೂವಿನ ವ್ಯಾಪಾರ, ಬಸ್ ನಿಲ್ದಾಣದ ಹತ್ತಿರ' ಎಂದಿತ್ತು. ಗುರುವಾರ ಶಾಲೆ ಬಿಟ್ಟ ಮೇಲೆ ಕುಂಟುತ್ತ ಹೋದೆ. ನನ್ನನ್ನು ಕಂಡು ಆಕೆ ಎದ್ದು ನಿಂತಳು. ಎರಡು ಮೊಳ ಮಲ್ಲಿಗೆ ಕೇಳಿದೆ. ಆಕೆ ಅಳೆಯುತ್ತಿರುವಾಗಲೇ, ಇಲ್ಲದಿದ್ದರೆ ಧೈರ್ಯ ಉಡುಗುತ್ತದೆಂದು, ಹೇಳಿಬಿಟ್ಟೆ: "ಅವತ್ತು ಪ್ರಾರ್ಥನೇಲಿ ನಾನು ಹಾಗೆ ಅನ್ನಬಾರದಿತ್ತು ಕಣಮ್ಮ. ತಪ್ಪು ನನ್ನದು."

ಮೊಳ ಹಾಕುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ಅಶೋಕನ ಪಾಠ ಅರ್ಧಕ್ಕೆ ನಿಂತೋಯ್ತು ಮಿಸ್" ಎಂದಳು. ಅಷ್ಟೇ. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಹೂವು ಕಟ್ಟಿಕೊಟ್ಟಳು, ದುಡ್ಡು ತೆಗೆದುಕೊಂಡು ಚಿಲ್ಲರೆ ಲೆಕ್ಕವಾಗಿ ವಾಪಸು ಕೊಟ್ಟಳು. ನಾನು ತಿರುಗುವಾಗ ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ಹೂವಿನ ಗಾಡಿ ಬರೋದು ಹೊತ್ತಾಗುತ್ತೆ. ನಾನು ಹೂವು ತರೋತನಕ ಮಗಳೇ ಅಂಗಡೀಲಿ ಕೂರಬೇಕು. ಹತ್ತು ನಿಮಿಷ ತಡ ಆದ್ರೆ ಒಳಗೆ ಬಿಟ್ಕೊಳ್ಳಿ ಮಿಸ್."

ಆ ಹುಡುಗಿ ಆ ವರ್ಷ ಎಷ್ಟೋ ಸಲ ತಡವಾಗಿ ಬಂದಳು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. "ಬಾ, ಕೂತ್ಕೋ" ಎನ್ನುತ್ತಿದ್ದೆ, ಪಾಠ ಮುಂದುವರಿಯುತ್ತಿತ್ತು. ಹತ್ತನೆಯ ತರಗತಿ ಪಾಸು ಮಾಡಿಕೊಂಡೇ ಅವಳು ನಮ್ಮ ಶಾಲೆ ಬಿಟ್ಟದ್ದು.

ಅವಳ ತಾಯಿಯ ಬಳಿಯೇ ನಾನು ಈಗಲೂ ಹೂವು ಕೊಳ್ಳುವುದು. ನನ್ನನ್ನು ಕಂಡರೆ ಆಕೆ ಈಗಲೂ ಎದ್ದು ನಿಲ್ಲುತ್ತಾಳೆ, ಕೂತ್ಕೋ ಎಂದರೂ ಕೂರುವುದಿಲ್ಲ. ಅದು ಗೌರವವೋ, ಹಳೆಯ ಭಯವೋ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.