ಬಾವಿಯ ರಾಟೆ

ನಮ್ಮ ಹಳ್ಳಿಯ ಮನೆಯ ಹಿತ್ತಲಿನಲ್ಲಿ ಒಂದು ಸೇದುವ ಬಾವಿಯಿದೆ. ನಲ್ಲಿ ಬಂದು ಬಹುಕಾಲವಾದುದರಿಂದ ಅದನ್ನು ಕೇಳುವವರಿಲ್ಲ. ಕಬ್ಬಿಣದ ರಾಟೆ ಮಾತ್ರ ಅಡ್ಡತೊಲೆಗೆ ನೇತುಕೊಂಡೇ ಇದೆ. ಕಳೆದ ಬೇಸಗೆಯ ರಜೆಗೆ ಬಂದ ನನ್ನ ಮೊಮ್ಮಗಳು, ಹತ್ತು ವರ್ಷದ ಹುಡುಗಿ, ಅದನ್ನು ಕಂಡು, "ತಾತ, ಇದು ಏತಕ್ಕೆ?" ಎಂದು ಕೇಳಿದಳು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನಾಲಗೆ ಸುಮ್ಮನಿದ್ದೀತೆ? "ರಾಟೆಯಿದ್ದರೆ ಕೊಡದ ಭಾರ ಅರ್ಧಕ್ಕೆ ಇಳಿಯುತ್ತದೆ, ಮಗು" ಎಂದುಬಿಟ್ಟೆನು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಉಗ್ರಾಣದಲ್ಲಿದ್ದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ತಂದು, ಮೊದಲು ನೀರಿನ ಬಿಂದಿಗೆಯನ್ನು ನೇರವಾಗಿ ತೂಗಿದಳು: 4 ಕಿಲೋ. ಆಮೇಲೆ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ತಕ್ಕಡಿಯನ್ನು ಸಿಕ್ಕಿಸಿ ಮೆಲ್ಲನೆ ಎಳೆದಳು. ಮುಳ್ಳು 2ರಲ್ಲಿ ನಿಲ್ಲಲಿಲ್ಲ. ನಾಲ್ಕನ್ನೂ ದಾಟಿ ನಾಲ್ಕೂವರೆಯ ಬಳಿಗೆ ಹೋಯಿತು.

"ತಾತ, ನೀವು ಹೇಳಿದ್ದು ತಪ್ಪು."

"ದೊಡ್ಡವರಿಗೆ ಎದುರುತ್ತರ ಕೊಡುವುದನ್ನು ಯಾರು ಕಲಿಸಿದರು?" ಎಂದು ಗದರಿದೆನು. ಮಗು ಮಾತಿಲ್ಲದೆ ತಕ್ಕಡಿಯನ್ನು ಮೊಳೆಗೆ ತೂಗುಹಾಕಿ ಒಳಗೆ ಹೋಯಿತು. ಬಾಲದಂತೆ ನನ್ನ ಹಿಂದೆಯೇ ತಿರುಗುತ್ತಿದ್ದವಳು ಎರಡು ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ ನನ್ನ ಹೆಂಡತಿ, "ಹುಡುಗಿ ಸುಳ್ಳು ಹೇಳಿದಳೆಂದೇ ಇಟ್ಟುಕೊಳ್ಳಿ, ಮುಳ್ಳೂ ಸುಳ್ಳು ಹೇಳಿತೇನು?" ಎಂದಳು.

ಆ ರಾತ್ರಿ ಪುಸ್ತಕ ತೆಗೆದು ನೋಡಿದೆನು. ಒಂದೆಡೆ ನಿಂತ ರಾಟೆ ಎಳೆಯುವ ದಿಕ್ಕನ್ನು ಬದಲಿಸುವುದೇ ಹೊರತು ಭಾರವನ್ನು ಇಳಿಸುವುದಿಲ್ಲ. ತುಕ್ಕು ಹಿಡಿದ ಅಚ್ಚಿನ ತಿಕ್ಕಾಟದಿಂದ ಎಳೆತವು ಇನ್ನಷ್ಟು ಹೆಚ್ಚುವುದು. ಬಾವಿಯ ಕಟ್ಟೆಯ ಮೇಲೆ ಬಗ್ಗಿ ಮೇಲಕ್ಕೆಳೆಯುವ ಬದಲು ನೆಟ್ಟಗೆ ನಿಂತು, ಮೈಭಾರವನ್ನೂ ಸೇರಿಸಿ ಕೆಳಕ್ಕೆಳೆಯುವುದರಿಂದ ಹಗುರವೆನಿಸುವುದು, ಅಷ್ಟೆ. ಇದನ್ನೋದುವಾಗ ಹಿಂದೊಮ್ಮೆ ತರಗತಿಯಲ್ಲಿ ಒಬ್ಬ ಹುಡುಗನು, "ಹಾಗಾದರೆ ನಮ್ಮಮ್ಮನ ಅಂಗೈಯಲ್ಲಿ ಬೊಬ್ಬೆಯೇಕೆ, ಸಾರ್?" ಎಂದು ಕೇಳಿದುದೂ, ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದುದೂ ನೆನಪಿಗೆ ಬಂದವು. ನಿದ್ರೆ ಹತ್ತಲಿಲ್ಲ.

ಬೆಳಗ್ಗೆ, "ಮಗು, ನಿನ್ನ ತಕ್ಕಡಿ ಹೇಳಿದುದೇ ಸರಿ" ಎಂದೆನು. ಇಷ್ಟು ಸಣ್ಣ ವಾಕ್ಯವನ್ನು ಆಡಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಇಲ್ಲಿ ಬರೆಯಲಾರೆ. ಅವಳು ಚಪ್ಪಾಳೆ ತಟ್ಟಲಿಲ್ಲ. "ಹಾಗಾದರೆ ಅರ್ಧ ಮಾಡುವ ರಾಟೆ ಇಲ್ಲವೇ ಇಲ್ಲವೇ?" ಎಂದಳು.

ದಾರದ ಬರಿಯ ಉರುಳೆಗಳೆರಡು, ಮುರಿದ ಕೊಡೆಯ ಕಡ್ಡಿಗಳು, ಒಂದು ಸ್ಟೂಲು, ಇಷ್ಟನ್ನು ಕಲೆಹಾಕಿದೆವು. ಒಂದು ಉರುಳೆಯನ್ನು ಸ್ಟೂಲಿಗೆ ಕಟ್ಟಿ, ಇನ್ನೊಂದನ್ನು ಸಕ್ಕರೆಯ ಪೊಟ್ಟಣದ ಜೊತೆಗೆ ತಾನೂ ಏರುವಂತೆ ಸಡಿಲಬಿಟ್ಟೆವು. ಮೊದಲ ಸಲ ದಾರ ಜಾರಿ ಸಕ್ಕರೆಯೆಲ್ಲ ನೆಲದ ಪಾಲಾಯಿತು. ಎರಡನೆಯ ಸಲ ಏರಿತು. ಬಳಿಕ ಸಂತೆಯಿಂದ ಇನ್ನೊಂದು ರಾಟೆ ತಂದು ಬಾವಿಗೇ ಕಟ್ಟಿದೆವು: ಹಗ್ಗದ ಒಂದು ತುದಿ ತೊಲೆಗೆ, ಅಲ್ಲಿಂದ ಬಿಂದಿಗೆಯ ಮೇಲಣ ರಾಟೆಯಡಿಯಲ್ಲಿ ಹಾದು ಹಳೆಯ ರಾಟೆಯ ಮೇಲಿಂದ ಕೈಗೆ. ಮುಳ್ಳು ಮೂರನ್ನು ಮುಟ್ಟಲಿಲ್ಲ. ನಾನು ಹಿಗ್ಗಿದೆನು, ಅವಳು ಹುಬ್ಬು ಗಂಟಿಕ್ಕಿ, "ಬಿಂದಿಗೆ ಒಂದು ಮೊಳ ಏರುವುದಕ್ಕೆ ನಾನು ಎರಡು ಮೊಳ ಎಳೆದೆ. ಲಾಭವೆಲ್ಲಿ ಬಂತು?" ಎಂದಳು. ಗೆಲಿಲಿಯೋ ಮಹಾಶಯನು 1600ರ ಸುಮಾರಿನಲ್ಲಿ ಯಂತ್ರಗಳನ್ನು ಕುರಿತು ಬರೆದಾಗ, ಅವುಗಳಿಂದ ಪ್ರಕೃತಿಯನ್ನು ವಂಚಿಸಲಾಗದೆಂದು ಹೇಳಿದುದೂ ಈ ಲೆಕ್ಕವನ್ನೇ.

ಸಂಜೆ ನನ್ನ ಬಾಲ್ಯದ ಕಪಿಲೆಯ ಕಥೆ ಹೇಳಿದೆನು: ಚರ್ಮದ ಬಾನಿ, ಜೋಡಿ ಎತ್ತು, ಇಳಿಜಾರಿನ ದಾರಿ. "ಎತ್ತುಗಳನ್ನು ಇಳಿಜಾರಿನಲ್ಲೇ ಏಕೆ ಹೊಡೆಯುತ್ತಿದ್ದರು?" ಎಂದಳು. ಉತ್ತರ ತುಟಿಯವರೆಗೆ ಬಂದಿತ್ತು. ನುಂಗಿಕೊಂಡು, "ನಾಳೆ ಕಟ್ಟಿ ನೋಡೋಣ" ಎಂದೆನು.

ಮಾರನೆಯ ದಿನ ನನ್ನ ಹೆಂಡತಿ ಕುಟ್ಟಾಣಿಯ ಗುಂಡಿಗಾಗಿ ಮನೆಯೆಲ್ಲ ಹುಡುಕಿದಳು. ಅದು ಆಗಲೇ ಎತ್ತಾಗಿ, ಹಿತ್ತಲಿನ ಹಲಗೆಯ ಮೇಲೆ ಇಳಿಯುತ್ತಿದ್ದಿತು.