ಬಿತ್ತನೆ ಶೇಂಗಾ

ಪ್ರತಿ ಸೆಪ್ಟೆಂಬರ್ 5ರಂದು ನಮ್ಮ ಶಾಲೆಯಲ್ಲಿ ರಾಧಾಕೃಷ್ಣನ್ ಅವರ ಫೋಟೋಕ್ಕೆ ಹಾರ ಹಾಕುವುದು ನನ್ನ ಪಾಲಿನ ಕೆಲಸ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು, 'ಇವರು ಯಾವ ಸಬ್ಜೆಕ್ಟ್ ಮೇಷ್ಟ್ರು ಸಾರ್?' ಎಂದಳು. ತತ್ವಶಾಸ್ತ್ರ, 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದರು ಎಂದೆ. 'ಅದನ್ನ ಓದಿದ್ರೆ ಕೆಲಸ ಸಿಗುತ್ತಾ?' ರಾಷ್ಟ್ರಪತಿ ಆಗಬಹುದಮ್ಮ ಎಂದು ತಮಾಷೆ ಮಾಡಿ ಪಾರಾದೆ.

ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳೇ ಕೇಳತೊಡಗಿದರೆ? 2010ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯ ಹಣದ ಲೆಕ್ಕ ಹಾಕಿ, ತತ್ವಶಾಸ್ತ್ರದ ಪದವಿ, ಪಿಎಚ್.ಡಿ. ಎಲ್ಲವನ್ನೂ ಮುಚ್ಚುವುದಾಗಿ ಹೇಳಿತು. ಸಂಶೋಧನೆಯಲ್ಲಿ ಅಲ್ಲಿ ಅತಿ ಹೆಚ್ಚು ಅಂಕ ಪಡೆದ ವಿಷಯವೇ ಅದು! ವಿದ್ಯಾರ್ಥಿಗಳು ಕಟ್ಟಡ ಹಿಡಿದು ಕೂತರು. ಕೊನೆಗೆ ಸಂಶೋಧನಾ ಕೇಂದ್ರ ಕಿಂಗ್‌ಸ್ಟನ್ ವಿಶ್ವವಿದ್ಯಾಲಯಕ್ಕೆ ಗುಳೆ ಹೋಯಿತು.

ವಿಜ್ಞಾನದ ಮೇಷ್ಟ್ರಿಗೇಕೆ ಈ ಉಸಾಬರಿ ಎನ್ನಬಹುದು. ಹಿಂದೆ ನಾನು ಮೊಳಕಾಲ್ಮೂರಿನಲ್ಲಿದ್ದಾಗ ಬ್ರಹ್ಮಗಿರಿ ಕಡೆಯ ಹುಡುಗನೊಬ್ಬ ಎದ್ದು ನಿಂತ. 'ನೂರು ಸಲ ನೀರು ನೂರು ಡಿಗ್ರಿಗೆ ಕುದ್ದರೆ, ನೂರಾ ಒಂದನೇ ಸಲವೂ ಹಾಗೇ ಕುದಿಯುತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ ಸಾರ್?' (ನಮ್ಮ ಎತ್ತರಕ್ಕೆ ನೂರಕ್ಕಿಂತ ತುಸು ಮೊದಲೇ ಕುದಿಯುತ್ತದೆ, ಆ ಮಾತು ಬೇರೆ.) ತರಗತಿ ಗೊಳ್ಳೆಂದಿತು. ಅಧಿಕಪ್ರಸಂಗ ಸಾಕು, ಕೂತ್ಕೋ ಎಂದೆ. ಕೂತ. ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಶಿಷ್ಯರು ಗುರುವನ್ನು ಗೌರವಿಸಬೇಕೆಂದು ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿದೆ. ಗುರು ಶಿಷ್ಯನ ಬಾಯಿ ಮುಚ್ಚಿಸಬಹುದು ಎಂದೇನೂ ಇಲ್ಲ.

ಹದಿನೆಂಟನೇ ಶತಮಾನದಲ್ಲಿ ಡೇವಿಡ್ ಹ್ಯೂಮ್ ಎತ್ತಿದ್ದು ಇದೇ ಪ್ರಶ್ನೆ, ನಮ್ಮ ಚಾರ್ವಾಕರೂ ಅನುಮಾನ ಪ್ರಮಾಣವನ್ನು ಒಪ್ಪಿರಲಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಬಿ.ಎಸ್‌ಸಿ., ಬಿ.ಎಡ್. ಎರಡರಲ್ಲೂ ಯಾರೂ ಹೇಳಿರಲಿಲ್ಲ. ಹೇಳುವವರು ಎಲ್ಲಿಂದ ಬರಬೇಕು? ಪಿಎಚ್.ಡಿ. ನಿಂತರೆ ಮುಂದಿನ ಅಧ್ಯಾಪಕರಿಲ್ಲ, ಅಧ್ಯಾಪಕರಿಲ್ಲದೆ ಎಂ.ಎ., ಬಿ.ಎ. ತಾವಾಗಿಯೇ ಒಣಗುತ್ತವೆ. ಆಮೇಲೆ 'ನೋಡಿ, ವಿದ್ಯಾರ್ಥಿಗಳೇ ಬರುತ್ತಿಲ್ಲ' ಎನ್ನಬಹುದು. ಭೌತವಿಜ್ಞಾನಿಯ ಪಿಎಚ್.ಡಿ.ಯಲ್ಲೂ 'ಪಿಎಚ್' ಎಂದರೆ ಫಿಲಾಸಫಿಯೇ. ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೆ ಬಂದಿರುವ ಭಾರತೀಯ ವಿಜ್ಞಾನ ಸಂಸ್ಥೆ ಕೊಡುವುದೂ ಅದೇ ಹೆಸರಿನ ಪದವಿಯನ್ನು.

ಎಣ್ಣೆ ಮಿಲ್ಲುಗಳ ಊರಿನವನು ನಾನು. ಮಳೆ ಕೈಕೊಟ್ಟ ವರ್ಷ ಅಪ್ಪ ಎತ್ತು ಮಾರಿದರು, ಅವ್ವನ ಓಲೆ ಅಡವಿಟ್ಟರು. ಅಟ್ಟದ ಮೇಲಿದ್ದ ಬಿತ್ತನೆ ಶೇಂಗಾದ ಚೀಲವನ್ನು ಮಾತ್ರ ಮಿಲ್ಲಿಗೆ ಹಾಕಲಿಲ್ಲ. ಇಲಿ ಮುಟ್ಟದಿರಲೆಂದು ರಾತ್ರಿ ಎದ್ದು ನೋಡುತ್ತಿದ್ದರು.